ಹನ್ನೊಂದು ವರ್ಷ ಟ್ರೈನಿಂಗ್ ಆಯ್ತು, ಮಕ್ಕಳ ತಪ್ಪು ಮಾತ್ರ ಅಲ್ಲೇ ಉಂಟು

ಪ್ರಶ್ನೆ: ಮುಂಬೈಯ ಒಂದು ಉಪನಗರದಲ್ಲಿ ಕನ್ನಡ ಮಾಧ್ಯಮ ಶಾಲೆಯಲ್ಲಿ 5ರಿಂದ 8ನೇ ಕ್ಲಾಸಿಗೆ ಗಣಿತ ಹೇಳಿಕೊಡ್ತೇನೆ. ಸರ್ವಿಸ್ 11 ವರ್ಷ ಆಯ್ತು. ಎಷ್ಟೋ ಟ್ರೈನಿಂಗಿಗೆ ಹೋಗಿ ಬಂದೆ, ಸರ್ಟಿಫಿಕೇಟ್ ಫೈಲ್ ತುಂಬಿದೆ, ಆದ್ರೆ ಭಿನ್ನರಾಶಿ, ದಶಮಾಂಶದಲ್ಲಿ ಮಕ್ಕಳು ಪ್ರತಿ ವರ್ಷ ಅದದೇ ತಪ್ಪು ಮಾಡ್ತಾರೆ. ಮುಂದಿನ ವರ್ಷ ವರಿಷ್ಠ ಶ್ರೇಣಿಯ, ಅಂದ್ರೆ 12 ವರ್ಷ ಆದವರಿಗೆ ಸಂಬಳದ ಮೇಲಿನ ದರ್ಜೆಗೆ ಬೇಕಾದ ಟ್ರೈನಿಂಗ್ ಬರ್ತದೆ. ಒಬ್ರು ವೇದಿಕ್ ಮ್ಯಾತ್ಸ್ ಕೋರ್ಸ್ ಮಾಡಿ ಅಂತಾರೆ, ಇನ್ನೊಬ್ರು ಎಂ.ಎ. ಎಜುಕೇಶನ್ ಮಾಡಿ ಅಂತಾರೆ. ಶಾಲೆಯಲ್ಲಿ ಗಣಿತಕ್ಕೆ ನಾನೊಬ್ಬಳೇ, ದಿನಾ ಮೂರು ಗಂಟೆ ಲೋಕಲ್ ಟ್ರೈನಲ್ಲೇ ಹೋಗ್ತದೆ. ನಿಜವಾಗಿ ನಾನು ಏನು ಕಲಿಬೇಕು, ಎಲ್ಲಿ ಕಲಿಬೇಕು?

ಉತ್ತರ: ನೋಡಿ ಟೀಚರ್, ಮುಂದೆ ಓದುವ ಮುಂಚೆ ಒಂದು ಲೆಕ್ಕ ಮಾಡಿ. ಒಂದೂಮುಕ್ಕಾಲನ್ನು ಅರ್ಧದಿಂದ ಭಾಗಿಸ್ಬೇಕು. ಏಳು ಬೈ ನಾಲ್ಕು ಮಾಡಿಕೊಂಡ್ರಿ, ಅರ್ಧವನ್ನು ತಿರುಗಿಸಿ ಗುಣಿಸಿದ್ರಿ, ಮೂರೂವರೆ ಬಂತು, ಹತ್ತು ಸೆಕೆಂಡಿನ ಕೆಲಸ. ಈಗ ಇದೇ ಲೆಕ್ಕ ಬರುವಂಥ ಒಂದು ಕತೆ ಹೇಳಿ, ಮನೆಯದ್ದೋ ಅಂಗಡಿಯದ್ದೋ, 6ನೇ ಕ್ಲಾಸಿನ ಮಗುವಿಗೆ ಅರ್ಥ ಆಗ್ಬೇಕು ಅಷ್ಟೆ. ಇಲ್ಲಿ ನಮ್ಮಲ್ಲಿ ತುಂಬ ಜನ ನಿಂತುಬಿಡ್ತಾರೆ. "ಒಂದೂಮುಕ್ಕಾಲು ಚಪಾತಿಯನ್ನು ಇಬ್ಬರಿಗೆ ಅರ್ಧರ್ಧ ಹಂಚಿದ್ರೆ" ಅಂತ ಶುರು ಮಾಡ್ತಾರೆ, ಅದು ಎರಡರಿಂದ ಭಾಗಿಸಿದ್ದಾಯ್ತು, ಅರ್ಧದಿಂದ ಅಲ್ಲ. ನನ್ನನ್ನು ಮೊದಲ ಸಲ ಕೇಳಿದಾಗ ನಾನೂ ಹಾಗೇ ಶುರು ಮಾಡಿದ್ದೆ.

ಈ ಪ್ರಶ್ನೆ ನನ್ನದಲ್ಲ. ಲಿಪಿಂಗ್ ಮಾ ಅನ್ನುವ ಸಂಶೋಧಕಿ ಅಮೆರಿಕದ 23 ಮತ್ತು ಚೀನಾದ 72 ಪ್ರೈಮರಿ ಶಿಕ್ಷಕರನ್ನು ಕೂರಿಸಿ ಮಾತಾಡಿಸಿದಾಗ ಇದನ್ನೂ ಕೇಳಿದ್ರು, ಆ ಅಧ್ಯಯನ 1999ರಲ್ಲಿ ಪುಸ್ತಕವಾಗಿ ಬಂತು. ಚೀನಾದ 72 ಜನಕ್ಕೂ ಲೆಕ್ಕ ಸರಿ ಬಂತು, ನೂರಕ್ಕೆ ತೊಂಬತ್ತು ಜನ ಸರಿಯಾದ ಕತೆಯನ್ನೂ ಹೇಳಿದ್ರು. ಅಮೆರಿಕದವರಲ್ಲಿ ಲೆಕ್ಕ ಪೂರ್ತಿ ಸರಿ ಮಾಡಿದವರೇ ಅರ್ಧಕ್ಕಿಂತ ಕಮ್ಮಿ, ಅರ್ಥ ಸರಿ ಇದ್ದ ಕತೆ ಹೇಳಿದ್ದು ಒಬ್ರೇ ಒಬ್ರು. ಆದ್ರೆ ನಿಮ್ಮ ಪ್ರಶ್ನೆಗೆ ಬೇಕಾದ ಸಂಗತಿ ಇನ್ನೊಂದುಂಟು. ಓದಿದ ವರ್ಷ ಲೆಕ್ಕ ಹಾಕಿದ್ರೆ ಚೀನಾದವರದ್ದೇ ಕಮ್ಮಿ, 9ನೇ ಕ್ಲಾಸ್ ಮುಗಿಸಿ ಎರಡು ಮೂರು ವರ್ಷದ ಶಿಕ್ಷಕ ತರಬೇತಿ, ಅಷ್ಟೆ. ಅಮೆರಿಕದವರು ಡಿಗ್ರಿ ಆದವರು. ಹಾಗಾದ್ರೆ ಚೀನಾದವರಿಗೆ ಆ ತಿಳುವಳಿಕೆ ಬಂದದ್ದು ಎಲ್ಲಿಂದ? ಕೆಲಸಕ್ಕೆ ಸೇರಿದ ಮೇಲೆ. ಒಂದೇ ವಿಷಯದ ಶಿಕ್ಷಕರು ಗುಂಪಾಗಿ ಕೂತು ತಾವು ಕಲಿಸುವ ಪಠ್ಯಪುಸ್ತಕವನ್ನೇ ಸಾಲು ಸಾಲು ಓದಿ, ಮಕ್ಕಳು ಎಲ್ಲಿ ಎಡವ್ತಾರೆ ಅಂತ ಮಾತಾಡಿ ಮಾತಾಡಿ ಬಂದದ್ದು. ನಾನು ನಿಮಗೆ ಹೇಳ್ಬೇಕೂಂತಿರುವುದೂ ಅದೇ: ನೀವು ಕಲಿಬೇಕಾದ್ದು ನೀವು ಕಲಿಸುವ ಗಣಿತವನ್ನೇ, ಕಲಿಬೇಕಾದ ಜಾಗ ನಿಮ್ಮ ಮಕ್ಕಳ ನೋಟ್‌ಬುಕ್, ಆದ್ರೆ ಒಬ್ಬರೇ ಕೂತು ಆಗೂದಿಲ್ಲ.

ನೋಟ್‌ಬುಕ್ ಅಂದೆ ಅಲ್ವಾ, ಒಂದು ಪ್ರಸಂಗ ಹೇಳ್ತೇನೆ, ಇಷ್ಟು ವರ್ಷ ಆದ್ರೂ ಇದು ನನ್ನ ಮನಸ್ಸಿಂದ ಹೋಗಿಲ್ಲ. ಎಂಬತ್ತರ ದಶಕದ ಕೊನೆಗೆ ನಾನು ಇಲ್ಲಿಯ ಒಂದು ಕನ್ನಡ ರಾತ್ರಿ ಶಾಲೆಯಲ್ಲಿ ಗಣಿತ ಮಾಡ್ತಿದ್ದೆ. ಮಕ್ಕಳೆಲ್ಲ ಹೋಟೆಲ್ ಹುಡುಗರು, ಊರಿಂದ ಬಂದು ಹಗಲಿಡೀ ಟೇಬಲ್ ಒರೆಸಿ, ಚಾ ಕೊಟ್ಟು, ರಾತ್ರಿ ಕಣ್ಣು ಎಳೀತಾ ಕ್ಲಾಸಿಗೆ ಬರುವವರು. ಒಬ್ಬ ಹುಡುಗ ಇದ್ದ, ಒಂದೂಕಾಲು ರೂಪಾಯಿದು ಆರು ಚಾ ಎಷ್ಟಾಯ್ತೋ ಅಂದ್ರೆ ಮುಖ ಎತ್ತದೆ "ಏಳೂವರೆ" ಅಂತಿದ್ದ. ಅದೇ ಹುಡುಗ ನೋಟ್‌ಬುಕ್ಕಲ್ಲಿ 1.25 × 6 ಮಾಡಿ 6.150 ಅಂತ ಬರೆದ. ನಾನು ಕೆಂಪು ಪೆನ್ನಲ್ಲಿ ಅಡ್ಡ ಗೀಟು ಹಾಕಿದೆ, ಪಕ್ಕದಲ್ಲಿ ಸರಿ ವಿಧಾನ ಬರೆದುಕೊಟ್ಟೆ, ಮುಂದಿನ ಪುಸ್ತಕ ತಗೊಂಡೆ. ತುಂಬ ವರ್ಷ ಆದ ಮೇಲೆ, ಬೇರೆ ಯಾವುದೋ ಮಗುವಿನ ಇಂಥದ್ದೇ ಲೆಕ್ಕ ನೋಡುವಾಗ ತಲೆಗೆ ಹೋಯ್ತು, ಆ ಹುಡುಗ ಬರೆದದ್ದು ಏನು ಅಂತ. ಆರು ಸಲ ಒಂದು ರೂಪಾಯಿ, ಆರು. ಆರು ಸಲ ಇಪ್ಪತ್ತೈದು ಪೈಸೆ, ನೂರೈವತ್ತು. ಆರು ರೂಪಾಯಿ ನೂರೈವತ್ತು ಪೈಸೆ, ಅಂದ್ರೆ ಏಳೂವರೆಯೇ! ಮೊತ್ತ ಸರಿ ಇತ್ತು, ನೂರು ಪೈಸೆ ಸೇರಿದ್ರೆ ರೂಪಾಯಿ ಆಗಿ ಆಚೆ ಮನೆಗೆ ಹೋಗ್ಬೇಕು ಅನ್ನುವ ಒಂದು ಹೆಜ್ಜೆ ಮಾತ್ರ ಬಾಕಿ ಇತ್ತು. "ಇದು ಹೇಗೆ ಬಂತು ಹೇಳು" ಅಂತ ಕೇಳಿದ್ರೆ ಅವನೇ ಹೇಳ್ತಿದ್ದ. ನಾನು ಕೇಳ್ಲಿಲ್ಲ.

ಆಗ ನನಗೆ ಬಿ.ಎಡ್. ಆಗಿತ್ತು, ಬಿ.ಎಸ್ಸಿ.ಯಲ್ಲಿ ಕ್ಯಾಲ್ಕುಲಸ್ ಓದಿದ್ದೆ, ಅದ್ಯಾವುದೂ 6.150 ಅನ್ನು ಓದ್ಲಿಕ್ಕೆ ಉಪಯೋಗಕ್ಕೆ ಬರ್ಲಿಲ್ಲ. 1986ರಲ್ಲಿ ಲೀ ಶುಲ್ಮನ್ ಅನ್ನುವ ಅಮೆರಿಕದ ಪ್ರೊಫೆಸರ್ ಇದಕ್ಕೊಂದು ಹೆಸರು ಕೊಟ್ರು, ಪೆಡಗಾಜಿಕಲ್ ಕಂಟೆಂಟ್ ನಾಲೆಡ್ಜ್ ಅಂತ. ಹೆಸರು ದೊಡ್ಡದು, ವಿಷಯ ಸರಳ. ಗಣಿತ ಗೊತ್ತಿರುವುದು ಒಂದು, ಕ್ಲಾಸ್ ಸಂಭಾಳಿಸ್ಲಿಕ್ಕೆ ಗೊತ್ತಿರುವುದು ಇನ್ನೊಂದು, ಇವೆರಡೂ ಅಲ್ಲದ ಮೂರನೇದು ಒಂದುಂಟು: ಈ ಪಾಠವನ್ನು ಈ ವಯಸ್ಸಿನ ಮಗು ಹೇಗೆ ತಪ್ಪು ತಿಳ್ಕೊಳ್ತದೆ, ಯಾವ ಉದಾಹರಣೆ ಕೊಟ್ರೆ ದಾರಿ ಸರಿಹೋಗ್ತದೆ, ಯಾವುದು ಕೊಟ್ರೆ ಇನ್ನೂ ಗೋಜಲಾಗ್ತದೆ ಅನ್ನುವ ತಿಳುವಳಿಕೆ. ಇದು ಎಂಜಿನಿಯರಿಗೆ ಬೇಡ, ಅಕೌಂಟೆಂಟಿಗೆ ಬೇಡ, ಗಣಿತ ಟೀಚರಿಗೆ ಮಾತ್ರ ಬೇಕು.

ದಶಮಾಂಶದ್ದೇ ತಗೊಳ್ಳಿ. ನಿಮ್ಮ ಮಕ್ಕಳು 0.4ಕ್ಕಿಂತ 0.35 ದೊಡ್ಡದು ಅಂತಾರೆ ತಾನೆ, ಯಾಕಂದ್ರೆ 4ಕ್ಕಿಂತ 35 ದೊಡ್ಡದು. ಇದು ನಿಮ್ಮ ಶಾಲೆಯ ಮಕ್ಕಳದ್ದು ಮಾತ್ರ ಅಲ್ಲ, ಪ್ರಪಂಚದಲ್ಲಿ ಎಲ್ಲಿ ದಶಮಾಂಶ ಕಲಿಸಿದ್ರೂ ಕಾಣುವ ತಪ್ಪು. ಆದ್ರೆ ನಾವು ಅದಕ್ಕೆ ನೀರೆರೀತೇವೆ ಅಂತ ನನಗೆ ಅನಿಸ್ತದೆ, ಯಾಕಂದ್ರೆ ನಾವು ದಶಮಾಂಶ ಶುರು ಮಾಡೋದೇ ರೂಪಾಯಿ ಪೈಸೆಯಿಂದ. ಮಗುವಿನ ಕಣ್ಣಿಗೆ ಬಿಂದು ಅಂದ್ರೆ ಒಂದು ಗೋಡೆ, ಈಚೆ ರೂಪಾಯಿ, ಆಚೆ ಪೈಸೆ, ಎರಡೂ ಬೇರೆ ಬೇರೆ ಪೂರ್ಣಸಂಖ್ಯೆ. ನಮ್ಮ ಹೋಟೆಲ್ ಹುಡುಗನ 6.150 ಹುಟ್ಟಿದ್ದೂ ಅಲ್ಲೇ. ಅದಕ್ಕೆ ನಾನು ಈಗ ಟೀಚರ್ಸಿಗೆ ಹೇಳೋದು, ದುಡ್ಡು ಬಿಡ್ಬೇಡಿ, ಆದ್ರೆ ಮೊದ್ಲು ಉದ್ದದಿಂದ ಶುರು ಮಾಡಿ. ಒಂದು ಮೀಟರಿನ ಪೇಪರ್ ಪಟ್ಟಿ ಮಾಡಿ ಹತ್ತು ಭಾಗಕ್ಕೆ ಮಡಚಿಸಿ, ಅದರಲ್ಲಿ ಒಂದನ್ನು ಮತ್ತೆ ಹತ್ತು ಭಾಗ ಮಾಡಿಸಿ, ನಾಲ್ಕು ದೊಡ್ಡ ಭಾಗ ಎಲ್ಲಿಗೆ ಬರ್ತದೆ, ಮೂರು ದೊಡ್ಡ ಐದು ಚಿಕ್ಕ ಎಲ್ಲಿಗೆ ಬರ್ತದೆ, ಬೆರಳಿಟ್ಟು ತೋರ್ಸು ಅನ್ನಿ.

ಇನ್ನು ಗುಂಪಿನ ವಿಷಯ. ನಾವು ಆರೇಳು ಜನ, ಬೇರೆ ಬೇರೆ ಶಾಲೆಯವರು, ಭಾಂಡುಪ್‌ನಲ್ಲಿ ಒಬ್ರ ಮನೆಯಲ್ಲಿ ತಿಂಗಳಿಗೊಂದು ಶನಿವಾರ ಮಧ್ಯಾಹ್ನ ಸೇರ್ತಿದ್ದೆವು. ಒಂದು ದಿನ ಮೇಲೆ ಹೇಳಿದ ಒಂದೂಮುಕ್ಕಾಲಿನ ಲೆಕ್ಕವನ್ನೇ ಇಟ್ಕೊಂಡೆವು. ಮನೆಯವರು ಅಡುಗೆಮನೆಯಿಂದ ಅರ್ಧ ಲೀಟರ್ ಹಾಲಿನ ಪ್ಯಾಕೆಟ್ ಸುರಿದ್ರೆ ಸರಿಯಾಗಿ ತುಂಬುವ ಒಂದು ಸ್ಟೀಲ್ ತಂಬಿಗೆ ತಂದ್ರು, ಒಂದು ಪಾತ್ರೆಯಲ್ಲಿ ಒಂದೂಮುಕ್ಕಾಲು ಲೀಟರ್ ನೀರು. ಎಷ್ಟು ತಂಬಿಗೆ ಆಗ್ತದೆ? ಒಂದು, ಎರಡು, ಮೂರು, ಪಾತ್ರೆಯಲ್ಲಿ ಇನ್ನೂ ಸ್ವಲ್ಪ ಉಳೀತು. ಆಗ ಒಬ್ರು ಟೀಚರ್, ಒಳ್ಳೇ ಅನುಭವಸ್ಥರು, "ಮೂರೂಕಾಲು" ಅಂದ್ರು. ಲೆಕ್ಕದಲ್ಲಿ ಮೂರೂವರೆ ಬರ್ತದಲ್ಲಾ ಅಂದ್ರೆ ಅವ್ರು ಬಿಡ್ಲಿಲ್ಲ, "ನೋಡಿ, ಕಣ್ಣೆದುರು ಕಾಲು ಲೀಟರ್ ಉಳಿದಿದೆ, ಮೂರು ತುಂಬಿದೆ, ಮೂರೂಕಾಲೇ" ಅಂದ್ರು. ಇನ್ನಿಬ್ರು ಅವರ ಕಡೆ ಸೇರಿದ್ರು. ಮುಕ್ಕಾಲು ಗಂಟೆ ಚರ್ಚೆ, ಚಾ ಆರಿ ಹೋಯ್ತು. ಕೊನೆಗೆ ಯಾರೋ ಉಳಿದ ನೀರನ್ನು ಖಾಲಿ ತಂಬಿಗೆಗೆ ಸುರಿದು ಮುಂದಿಟ್ರು, ನೀರು ತಂಬಿಗೆಯ ಅರ್ಧಕ್ಕೆ ನಿಂತಿತ್ತು. "ಲೀಟರಿನ ಲೆಕ್ಕಕ್ಕೆ ಕಾಲು, ತಂಬಿಗೆಯ ಲೆಕ್ಕಕ್ಕೆ ಅರ್ಧ" ಅಂತ ಆ ಟೀಚರೇ ಹೇಳಿದ್ರು. ಸ್ವಲ್ಪ ಹೊತ್ತು ಸುಮ್ನಿದ್ದು ಮತ್ತೆ ಅವರೇ ಅಂದ್ರು, "ಹಾಗಾದ್ರೆ ತಿರುಗಿಸಿ ಗುಣಿಸೋದು ಯಾಕೆ ಅಂತ ಈಗ ಗೊತ್ತಾಯ್ತು, ಒಂದು ಲೀಟರಿಗೆ ಎರಡು ತಂಬಿಗೆ, ಒಂದೂಮುಕ್ಕಾಲು ಲೀಟರಿಗೆ ಅದರ ಒಂದೂಮುಕ್ಕಾಲು ಪಟ್ಟು." ಇಪ್ಪತ್ತು ವರ್ಷ ಆ ನಿಯಮ ಕಲಿಸಿದವರು ಅವರು. ಮುಂದಿನ ತಿಂಗಳು ಬಂದು ಹೇಳಿದ್ದು ಏನು ಗೊತ್ತಾ, ಅವರ ಕ್ಲಾಸಲ್ಲಿ ಎಂಟು ಮಕ್ಕಳು ಮೂರೂಕಾಲು ಅಂದ್ರಂತೆ, ಈ ಸಲ ಅವರು ತಪ್ಪು ಅನ್ನದೆ "ಕಾಲು ಅಂದ್ರೆ ಯಾವುದರ ಕಾಲು?" ಅಂತ ಕೇಳಿದ್ರಂತೆ.

ಈ ಒಂದು ಪ್ರಶ್ನೆಗೆ ಐದು ದಿನದ ಟ್ರೈನಿಂಗಿಗಿಂತ ಬೆಲೆ ಹೆಚ್ಚು ಅಂತ ನಾನು ನಂಬಿದ್ದೇನೆ. ಟ್ರೈನಿಂಗ್ ಕೆಟ್ಟದು ಅಂತಲ್ಲ. ಅಲ್ಲಿ ನೂರು ಜನರಿಗೆ ಪಿಪಿಟಿ ಹಾಕ್ತಾರೆ, ಆಟಗಳು ತೋರಿಸ್ತಾರೆ, ಎಲ್ಲರಿಗೂ ಒಂದೇ. ನಿಮ್ಮ ಕ್ಲಾಸಿನ ಮೂರೂಕಾಲು ಅವರಿಗೆ ಗೊತ್ತಿರೂದಿಲ್ಲ.

ನೀವು ಶಾಲೆಯಲ್ಲಿ ಒಬ್ಬರೇ ಅಂದ್ರಿ. ಮುಂಬೈಯಲ್ಲಿ ಕನ್ನಡ ಮಾಧ್ಯಮದ ಗಣಿತ ಟೀಚರ್ ಅಂದ್ರೆ ಈಗ ಹೆಚ್ಚುಕಮ್ಮಿ ಎಲ್ಲರೂ ಒಬ್ಬರೇ, ಮಕ್ಕಳು ಕಮ್ಮಿ, ವಿಜ್ಞಾನವೂ ಅವರದ್ದೇ ತಲೆ ಮೇಲೆ. ಹಾಗಾಗಿ ಶಾಲೆಯ ಹೊರಗೆ ಹುಡುಕ್ಬೇಕು. ಮೂರು ಜನ ಸಾಕು, ಕನ್ನಡದವರೇ ಆಗ್ಬೇಕೂಂತಿಲ್ಲ, ಪಕ್ಕದ ಮರಾಠಿ ಶಾಲೆಯ ಟೀಚರ್ ಆದ್ರೂ ಆಯ್ತು, ಹೇಗಿದ್ರೂ ಅಂಶ ಅಂದ್ರೆ ಅವರಿಗೂ ಅಂಶ, ಛೇದ ಅಂದ್ರೆ ಅವರಿಗೂ ಛೇದ. ತಿಂಗಳ ಶಿಕ್ಷಣ ಪರಿಷದ್‌ಗೆ, ಅಂದ್ರೆ ಸುತ್ತಲಿನ ಶಾಲೆಯ ಶಿಕ್ಷಕರ ಸಭೆಗೆ ಹೋಗ್ತೀರಲ್ಲ, ಅಲ್ಲಿ ಆ ಶಾಲೆಗಳನ್ನು ನೋಡಿಕೊಳ್ಳುವ ಕೇಂದ್ರಪ್ರಮುಖರ ಹತ್ರ ಇಪ್ಪತ್ತು ನಿಮಿಷ ಕೇಳಿ ನೋಡಿ. ಸುತ್ತೋಲೆ ಓದಿ ಆದ ಮೇಲೆ ಗಣಿತದವರು ಒಂದು ಮೂಲೆಯಲ್ಲಿ ಕೂತ್ಕೊಳ್ತೇವೆ ಅಂದ್ರೆ ಬೇಡ ಅನ್ನುವವರು ಕಮ್ಮಿ.

ಕೂತ ಮೇಲೆ ಏನು ಮಾಡೋದು ಅಂದ್ರೆ, ಒಂದು ಸಲಕ್ಕೆ ಒಂದೇ ಲೆಕ್ಕ. ಮೂವರೂ ತಮ್ಮ ತಮ್ಮ ಕ್ಲಾಸಲ್ಲಿ ಅದೇ ಲೆಕ್ಕ ಕೊಟ್ಟು ಬರಬೇಕು, ಮಕ್ಕಳು ಬರೆದದ್ದನ್ನು ತಿದ್ದದೆ ಹಾಗೇ ತರಬೇಕು. ತಿದ್ದದೆ ಅನ್ನೋದು ಮುಖ್ಯ, ಕೆಂಪು ಗೀಟು ಬಿದ್ದ ಮೇಲೆ ನಮ್ಮ ಕಣ್ಣು ಗೀಟನ್ನೇ ನೋಡ್ತದೆ. ಒಂದೊಂದು ತಪ್ಪು ಉತ್ತರ ಎತ್ಕೊಂಡು, ಈ ಮಗು ಏನು ಯೋಚನೆ ಮಾಡಿದ್ರೆ ಇದು ಬರ್ತದೆ ಅಂತ ಊಹೆ ಮಾಡಿ. 402ರಲ್ಲಿ 178 ಕಳೆದು 376 ಬರೆದ ಮಗು ಎಲ್ಲ ಕಡೆ ದೊಡ್ಡ ಅಂಕಿಯಿಂದ ಚಿಕ್ಕದನ್ನು ಕಳೆದಿದೆ, ಅದಕ್ಕೆ ಒಂದು ನಿಯಮ ಉಂಟು, ಅಜಾಗ್ರತೆ ಅಲ್ಲ ಅದು. ಮೂರನೇ ಒಂದು ಮತ್ತು ನಾಲ್ಕನೇ ಒಂದು ಕೂಡಿಸಿ ಏಳನೇ ಎರಡು ಬರೆದ ಮಗುವಿಗೂ ನಿಯಮ ಉಂಟು. ಆ ನಿಯಮ ಸಿಕ್ಕಿದ ಮೇಲೆ, ಮಗುವಿಗೇ ತಾನು ಮಾಡಿದ್ದು ಸರಿ ಇಲ್ಲ ಅಂತ ಗೊತ್ತಾಗುವಂಥ ಒಂದು ಲೆಕ್ಕ ಕಟ್ಟಿ. ಅರ್ಧಕ್ಕೆ ಅರ್ಧ ಕೂಡಿಸು ಅನ್ನಿ, ಅದೇ ನಿಯಮದಲ್ಲಿ ನಾಲ್ಕನೇ ಎರಡು, ಅಂದ್ರೆ ಅರ್ಧವೇ ಬರ್ತದೆ, ಮಗು ತಾನೇ ತಲೆ ಕೆರ್ಕೊಳ್ತದೆ.

ಕೆಲವು ತಿಂಗಳು ಹೀಗೆ ಆದ ಮೇಲೆ ಜಪಾನಿನವರ ಕ್ರಮ ಒಂದು ಸಲ ಮಾಡಿ ನೋಡಿ, ಜುಗ್ಯೋ ಕೆಂಕ್ಯೂ ಅಂತಾರೆ, ಇಂಗ್ಲಿಷಲ್ಲಿ ಲೆಸನ್ ಸ್ಟಡಿ ಅಂತ ಹೆಸರಾಯ್ತು. ಎಲ್ಲರೂ ಸೇರಿ ಒಂದೇ ಪಾಠ ತಯಾರಿ ಮಾಡೋದು, ಒಬ್ರು ಕ್ಲಾಸಲ್ಲಿ ಮಾಡೋದು, ಉಳಿದವರು ಹಿಂದೆ ನಿಂತು ಮಕ್ಕಳನ್ನು ನೋಡೋದು, ಟೀಚರನ್ನಲ್ಲ. ನಮ್ಮಲ್ಲಿ ಯಾರಾದ್ರೂ ಕ್ಲಾಸಿಗೆ ಬಂದು ನಿಂತ್ರೆ ತನಿಖೆಗೆ ಬಂದವರು ಅಂತಲೇ ಎದೆ ಹೊಡ್ಕೊಳ್ತದೆ, ಆ ಹೆದ್ರಿಕೆ ಹೋಗ್ಬೇಕಾದ್ರೆ ಒಂದು ಕಟ್ಟುನಿಟ್ಟು ಬೇಕು: ಪಾಠ ಚೆನ್ನಾಗಿತ್ತು, ಚೆನ್ನಾಗಿರ್ಲಿಲ್ಲ ಅಂತ ಯಾರೂ ಹೇಳುವ ಹಾಗಿಲ್ಲ, "ಮೂರನೇ ಬೆಂಚಿನ ಹುಡುಗಿ ಪಟ್ಟಿಯನ್ನು ಒಂಬತ್ತು ಭಾಗ ಮಾಡಿದ್ಳು, ಗೀಟು ಎಣಿಸಿದ್ಳು, ಮನೆ ಎಣಿಸ್ಲಿಲ್ಲ" ಅಂತ ಕಂಡದ್ದನ್ನು ಮಾತ್ರ ಹೇಳ್ಬೇಕು.

ನಿಮ್ಮ ಹತ್ರ ಇನ್ನೊಂದು ದೊಡ್ಡ ಸಾಮಾನು ಉಂಟು, ಅದನ್ನು ಯಾವ ಟ್ರೈನಿಂಗಲ್ಲೂ ಹೇಳಿದ್ದು ನಾನು ಕೇಳಿಲ್ಲ. ನಮ್ಮ ಮಕ್ಕಳ ಕಿವಿಯಲ್ಲಿ ಎರಡು ಮೂರು ಭಾಷೆಯ ಸಂಖ್ಯೆ ಉಂಟು. ತರಕಾರಿ ತರ್ಲಿಕ್ಕೆ ಹೋದ್ರೆ ಮರಾಠಿಯಲ್ಲಿ ಪಾವ್ (ಕಾಲು) ಕಿಲೋ, ದೀಡ್ (ಒಂದೂವರೆ) ಕಿಲೋ, ಅಡೀಚ್ (ಎರಡೂವರೆ) ಕಿಲೋ ಅಂತ ಸಲೀಸಾಗಿ ಕೇಳ್ತಾರೆ. ಒಂದೂಮುಕ್ಕಾಲಿಗೆ ಮರಾಠಿಯಲ್ಲಿ ಪಾವ್ಣೆದೋನ್, ಎರಡಕ್ಕೆ ಕಾಲು ಕಮ್ಮಿ. ಅರವತ್ತೊಂಬತ್ತಕ್ಕೆ ಏಕೋಣಸತ್ತರ್, ಎಪ್ಪತ್ತಕ್ಕೆ ಒಂದು ಕಮ್ಮಿ. ಕನ್ನಡ ಕೂಡಿಸಿ ಹೇಳ್ತದೆ, ಮರಾಠಿ ಅಲ್ಲಿ ಕಳೆದು ಹೇಳ್ತದೆ. 2019ರಲ್ಲಿ ಮಹಾರಾಷ್ಟ್ರದ ಪಠ್ಯಪುಸ್ತಕ ಮಂಡಳಿ ಬಾಲಭಾರತಿಯವರು 2ನೇ ಕ್ಲಾಸಿನ ಮರಾಠಿ ಗಣಿತ ಪುಸ್ತಕದಲ್ಲಿ 21ಕ್ಕೆ ಏಕವೀಸ್ (ಒಂದು-ಇಪ್ಪತ್ತು) ಜೊತೆಗೆ ವೀಸ್ ಏಕ್ (ಇಪ್ಪತ್ತು-ಒಂದು) ಅಂತ ಹಾಕಿದಾಗ ಎಷ್ಟು ಗಲಾಟೆ ಆಯ್ತು ನೆನಪುಂಟಾ? ಗಣಿತ ಸಮಿತಿಯ ಅಧ್ಯಕ್ಷೆ ಮಂಗಲಾ ನಾರಳೀಕರ್ ಆಗ ದಕ್ಷಿಣದ ಭಾಷೆಗಳಲ್ಲಿ ಹೀಗೇ ಹೇಳ್ತಾರೆ, ಮಕ್ಕಳಿಗೆ ಸುಲಭ ಆಗ್ತದೆ ಅಂತ ಸಮರ್ಥನೆ ಕೊಟ್ಟಿದ್ರು. ಇಪ್ಪತ್ತೊಂದು ಅಂದ್ರೆ ಇಪ್ಪತ್ತು ಮತ್ತು ಒಂದು, ಸ್ಥಾನಬೆಲೆ ನಮ್ಮ ಮಾತಿನಲ್ಲೇ ಕೂತಿದೆ. ಕ್ಲಾಸಲ್ಲಿ ಎರಡೂ ಭಾಷೆಯ ಹೆಸರು ಬೋರ್ಡಿಗೆ ಬರೆಸಿ, ಯಾವುದರಲ್ಲಿ ಏನು ಲೆಕ್ಕ ಅಡಗಿದೆ ಅಂತ ಕೇಳಿ, 70 − 1 ಮತ್ತು 60 + 9 ಒಂದೇ ಅನ್ನೋದರಲ್ಲಿ ಸಮಚಿಹ್ನೆಯ ಪಾಠವೂ ಆಗ್ತದೆ.

ಹೊರಗಿನ ಲೆಕ್ಕಕ್ಕೂ ಒಳಗಿನ ಲೆಕ್ಕಕ್ಕೂ ಇರುವ ಈ ಅಂತರ ಬ್ರೆಜಿಲ್‌ನಲ್ಲಿ ತುಂಬ ಹಿಂದೆಯೇ ಅಳೆದಿದ್ದಾರೆ. ಬೀದಿಯಲ್ಲಿ ಮಾರುವ ಐದು ಮಕ್ಕಳ ಮೇಲೆ ಮಾಡಿದ ಚಿಕ್ಕ ಅಧ್ಯಯನ, 1985ರದ್ದು. ಗಿರಾಕಿಯಾಗಿ ಕೇಳಿದಾಗ ನೂರಕ್ಕೆ 98 ಸರಿ, ಅದೇ ಲೆಕ್ಕ ಪೇಪರ್ ಮೇಲೆ ಬರೀ ಅಂಕಿಯಾಗಿ ಕೊಟ್ಟಾಗ 37. ನಮ್ಮ ರಾತ್ರಿ ಶಾಲೆಯ ಹುಡುಗರೇ ಕಣ್ಣ ಮುಂದೆ ಬರ್ತಾರೆ.

ಈಗ ನಿಮ್ಮ ಉಳಿದ ಪ್ರಶ್ನೆಗಳು. ವರಿಷ್ಠ ಶ್ರೇಣಿಯದ್ದು 12 ವರ್ಷಕ್ಕೆ, ಅದರ ಮೇಲಿನ ನಿವಡ್ (ಆಯ್ಕೆ) ಶ್ರೇಣಿಯದ್ದು 24 ವರ್ಷಕ್ಕೆ, ಅದು ಸಂಬಳದ ವಿಷಯ, ತಪ್ಪಿಸ್ಬೇಡಿ, ನಿಷ್ಠೆಯಿಂದ ಮಾಡಿ, ಆದ್ರೆ ಭಿನ್ನರಾಶಿ ಅದರಿಂದ ಸರಿಹೋಗ್ತದೆ ಅಂತ ಕಾಯ್ಬೇಡಿ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ವರ್ಷಕ್ಕೆ 50 ಗಂಟೆ ವೃತ್ತಿ ಕಲಿಕೆ ಅಂತ ಹೇಳಿದೆ, ಅದಕ್ಕೆ ಸರ್ಕಾರದ ದೀಕ್ಷಾ ಆ್ಯಪಲ್ಲಿ ಶಿಕ್ಷಕರಿಗಾಗಿ ಮಾಡಿದ ನಿಷ್ಠಾದಂಥ ಕೋರ್ಸ್ ಮಾಡ್ತೇವೆ. ಟ್ರೈನಲ್ಲಿ ವೀಡಿಯೋ ಓಡಿಸಿ ಕ್ವಿಜ್ ಒತ್ತಿ ಮುಗಿಸುವ ಬದಲು, ಗಣಿತದ ಒಂದೇ ಒಂದು ಮಾಡ್ಯೂಲ್ ಆರಿಸಿ, ಅದರ ಒಂದು ಚಟುವಟಿಕೆ ಕ್ಲಾಸಲ್ಲಿ ಮಾಡಿ, ಏನಾಯ್ತು ಅಂತ ನಾಲ್ಕು ಸಾಲು ಬರೆದಿಡಿ. ಉಳಿದವುಗಳನ್ನು ಬೇಗ ಮುಗಿಸಿದ್ರೂ ತೊಂದ್ರೆ ಇಲ್ಲ.

ವೇದಿಕ್ ಮ್ಯಾತ್ಸ್ ಅಂದ್ರೆ ಬೇಗ ಲೆಕ್ಕ ಮಾಡುವ ಅಡ್ಡದಾರಿಗಳು, ಅದಕ್ಕೆ ದುಡ್ಡು ಹಾಕ್ಬೇಡಿ. 98 × 97 ಮಾಡ್ಲಿಕ್ಕೆ ನೂರಕ್ಕೆ ಎರಡು ಕಮ್ಮಿ, ಮೂರು ಕಮ್ಮಿ, 95 ಬರಿ, ಎರಡ್ಮೂರ್ಲಿ ಆರು, 9506 ಅಂತ ಕಲಿಸ್ತಾರೆ, ಉತ್ತರ ಸರಿಯೇ. ಆದ್ರೆ ಯಾಕೆ ಹಾಗೆ ಬಂತು ಅಂತ ಹೆಚ್ಚಾಗಿ ಹೇಳೂದಿಲ್ಲ. (100 − 2)(100 − 3) ಬಿಡಿಸಿ ನೋಡಿದ್ರೆ 10000 − 500 + 6, 8ನೇ ಕ್ಲಾಸಿನ ಬೀಜಗಣಿತ. ಆ ಯಾಕೆ ಅನ್ನೋದನ್ನು ಮಕ್ಕಳ ಹತ್ರ ಹುಡುಕಿಸ್ಲಿಕ್ಕೆ ನಿಮಗೆ ಕೋರ್ಸ್ ಬೇಡ. ಭಿನ್ನರಾಶಿ ಅರ್ಥ ಆಗದ ಮಗುವಿಗೆ ಸ್ಪೀಡ್ ಕೊಟ್ರೆ ತಪ್ಪನ್ನೇ ಜೋರಾಗಿ ಮಾಡ್ತದೆ.

ಎಂ.ಎ. ಎಜುಕೇಶನ್ ಒಳ್ಳೇದೇ, ದೇವನಾರ್‌ನ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯಲ್ಲಿ (ಟಿಸ್) ಓದಿದವರು ಚೆನ್ನಾಗಿ ಯೋಚನೆ ಮಾಡೋದನ್ನು ನೋಡಿದ್ದೇನೆ, ಆದ್ರೆ ಅದು ಎರಡು ವರ್ಷಕ್ಕೂ ಹೆಚ್ಚಿನ ಮಾತು, ಮನೆ ಶಾಲೆ ಟ್ರೈನ್ ಮೂರೂ ಇರುವಾಗ ಈಗಲೇ ಬೇಡ ಅಂತ ನನ್ನ ಅಭಿಪ್ರಾಯ. ಅದರ ಬದಲು ಹಾರ್ಬರ್ ಲೈನ್ ಹಿಡಿದು ಮಾನ್‌ಖುರ್ದ್‌ಗೆ ಹೋಗಿ. ಅಲ್ಲಿ ಹೋಮಿ ಭಾಭಾ ವಿಜ್ಞಾನ ಶಿಕ್ಷಣ ಕೇಂದ್ರ ಉಂಟು, ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯದ್ದು (ಟಿಐಎಫ್‌ಆರ್), 1974ರಲ್ಲಿ ಶುರುವಾದದ್ದು. ಅವರು ಒಲಿಂಪಿಯಾಡ್ ಸ್ಪರ್ಧೆಯ ಕೆಲಸ ಮಾಡ್ತಾರೆ ಅಂತ ಎಲ್ಲರಿಗೂ ಗೊತ್ತು, ಆದ್ರೆ ಗಣಿತ ಕಲಿಕೆಯ ಮೇಲೆ, ಮಕ್ಕಳು ಮನೆಯಲ್ಲಿ ಕೆಲಸದಲ್ಲಿ ಕಲಿತ ಲೆಕ್ಕದ ಮೇಲೆ, ಶಿಕ್ಷಕರ ಜೊತೆ ಕೂತು ಕೆಲಸ ಮಾಡುವ ಬಗ್ಗೆ ಅಲ್ಲಿ ವರ್ಷಗಟ್ಟಲೆ ಸಂಶೋಧನೆ ನಡೆದಿದೆ. ಶಿಕ್ಷಕರ ವರ್ಕ್‌ಶಾಪ್ ಯಾವಾಗ ಉಂಟು ಅಂತ ಕೇಳಿ. ಹೋಗುವಾಗ ಸರ್ಟಿಫಿಕೇಟ್ ಫೈಲ್ ಬೇಡ, ನಿಮ್ಮ ಮಕ್ಕಳ ಹತ್ತು ಉತ್ತರ ಪತ್ರಿಕೆಯ ಝೆರಾಕ್ಸ್ ತಗೊಂಡು ಹೋಗಿ.

ಟ್ರೈನಿನ ಮೂರು ಗಂಟೆಯಲ್ಲಿ ಸೀಟ್ ಸಿಕ್ಕಿದ ದಿನ ಒಂದು ಕೆಲಸ ಮಾಡ್ಬಹುದು. ಒಂದು ಇನ್ನೂರು ಪುಟದ ನೋಟ್‌ಬುಕ್ ಇಡಿ, ದಿನಕ್ಕೆ ಒಂದೇ ತಪ್ಪು ಬರೀರಿ, ಮಗು ಏನು ಬರೆದಿದೆಯೋ ಹಾಗೇ, ಕೆಳಗೆ ನಿಮ್ಮ ಊಹೆ, ಮರುದಿನ ಮಗುವನ್ನು ಕೇಳಿದ ಮೇಲೆ ಅದು ಹೇಳಿದ್ದು. ಸರಿ ಉತ್ತರ ಬಂದವರನ್ನೂ ಆಗಾಗ "ಹೇಗೆ ಬಂತು" ಅಂತ ಕೇಳಿ, ಇಲ್ಲದಿದ್ರೆ ಟೀಚರ್ ಕೇಳಿದ್ರು ಅಂದ್ರೆ ತಪ್ಪಾಗಿದೆ ಅಂತಲೇ ಮಕ್ಕಳು ಉಜ್ಜಿ ಹಾಕ್ತಾರೆ. ಮೊದಲ ವಾರ 0.4 ಮತ್ತು 0.35ರಿಂದ ಶುರು ಮಾಡಿ. ಉಜ್ಜುವ ರಬ್ಬರ್ ಆ ದಿನ ನಿಮ್ಮ ಟೇಬಲ್ ಮೇಲೆ ಇರ್ಲಿ.